ರಿಲೇ ಟಕ್ ಎನ್ನುತ್ತದೆ, ಫ್ರಿಜ್ ಮಾತ್ರ ಸುಮ್ಮನಿದೆ

ಮನೆಯಲ್ಲಿ ಬಿಯರ್ ಹುದುಗಿಸುವವರ ತಾಪಮಾನ ನಿಯಂತ್ರಕದಲ್ಲಿ ಇರುವುದೇ ನಾಲ್ಕು ಸಾಮಾನು: ಸೆನ್ಸರ್, ಪ್ರೋಗ್ರಾಂ ಓಡಿಸುವ ಮೈಕ್ರೊಕಂಟ್ರೋಲರ್ ಚಿಪ್, ಎರಡು ರಿಲೇಗಳ (ವಿದ್ಯುತ್ತಿನಿಂದ ಒತ್ತುವ ಸ್ವಿಚ್ಚುಗಳ) ಒಂದು ಬೋರ್ಡ್, ಇವಕ್ಕೆಲ್ಲ 5 ವೋಲ್ಟ್ ಕೊಡುವ ಅಡಾಪ್ಟರ್. ಒಂದು ರಿಲೇ ಫ್ರಿಜ್ಜಿಗೆ, ಇನ್ನೊಂದು ಹೀಟರಿಗೆ. ವೈರಿಂಗ್ ಚಿತ್ರ ಎದುರಿಗಿದ್ದರೆ ಜೋಡಿಸುವುದು ಅರ್ಧ ಗಂಟೆಯ ಕೆಲಸ. ಕೆಟ್ಟಾಗ ಮಾತ್ರ ಅರ್ಧ ದಿನ ಬೇಕು. ರಿಲೇ ಬೋರ್ಡ್ ನಮಗೆ ಎರಡು ಗುರುತು ಕೊಡುತ್ತದೆ, ಒಂದು ಕೆಂಪು ಎಲ್‌ಇಡಿ, ಒಂದು ಟಕ್ ಎನ್ನುವ ಸದ್ದು. ಎಲ್‌ಇಡಿ ಹೊತ್ತಿದ ಕೂಡಲೇ ರಿಲೇ ಕೆಲಸ ಮಾಡಿತು ಅಂದುಕೊಳ್ಳುತ್ತೇವೆ. ಟಕ್ ಅಂದ ಕೂಡಲೇ ಫ್ರಿಜ್ಜಿಗೆ ಕರೆಂಟ್ ಹೋಯಿತು ಅಂದುಕೊಳ್ಳುತ್ತೇವೆ. ಅವೆರಡೂ ತಮಗೆ ಗೊತ್ತಿದ್ದಷ್ಟನ್ನು ಮಾತ್ರ ಹೇಳುತ್ತವೆ, ಮಿಕ್ಕಿದ್ದು ನಮ್ಮ ಊಹೆ. ಹಾಗಾಗಿ ಯಾವ ಗುರುತು ಏನನ್ನು ಹೇಳುತ್ತದೆ, ಎಲ್ಲಿಗೆ ಅದರ ಮಾತು ಮುಗಿಯುತ್ತದೆ ಎಂಬುದರ ಮೇಲೆಯೇ ಈ ಬರಹವನ್ನೆಲ್ಲ ಕಟ್ಟಿದ್ದೇನೆ.

ಕೈ ಹಾಕುವ ಮುನ್ನ

ಮೇನ್ಸ್ ಪ್ಲಗ್ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಎಲ್ಲೋ ಒಂದು ಕಡೆ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿದ್ದರೆ ಸ್ವಿಚ್ ಕತ್ತರಿಸುವುದು ನ್ಯೂಟ್ರಲ್ಲನ್ನು, ಫೇಸ್ ಹಾಗೇ ಉಳಿದಿರುತ್ತದೆ. ಕೆಳಗೆ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಬರೀ 5 ವೋಲ್ಟ್ ಸಾಕು, ಮೇನ್ಸ್ ಬೇಕಾಗಿಯೇ ಇಲ್ಲ. ಅನೇಕರು ಮರೆಯುವ ಇನ್ನೊಂದು ಸಂಗತಿ: ರಿಲೇ ಬೋರ್ಡಿನ ಹಿಂಬದಿಯಲ್ಲಿ ಕಾಣುವ ಬೆಸುಗೆಯ ಗುಬ್ಬಿಗಳಲ್ಲಿ ಕೆಲವು ನೇರವಾಗಿ ಮೇನ್ಸ್‌ಗೆ ಸೇರಿದವು. ಬೋರ್ಡನ್ನು ಫ್ರಿಜ್ಜಿನ ತಗಡಿನ ಮೇಲೆ ಹಾಗೇ ಇಟ್ಟು ಪರೀಕ್ಷೆಗೆ ಇಳಿಯುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಸ್ಪೇಸರ್ ಹಾಕಿ ಎತ್ತರಿಸಿ ಮುಚ್ಚಳವಿರುವ ಪೆಟ್ಟಿಗೆಯೊಳಗೆ ಕೂರಿಸಿ. ಪೆಟ್ಟಿಗೆ ಲೋಹದ್ದಾದರೆ ಅದಕ್ಕೂ ಅರ್ತ್ ಕೊಡಿ. ಹುದುಗುವ ಜಾಗದಲ್ಲಿ ಚೆಲ್ಲುವುದು, ಉಕ್ಕುವುದು, ತೊಳೆಯುವುದು ಇದ್ದೇ ಇರುತ್ತದೆ. ಆದ್ದರಿಂದ ಈ ಸಾಲಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಾಲನ್ನು ಕಡಿಯುವ ಸ್ವಿಚ್) ಇಲ್ಲದಿದ್ದರೆ ದೋಷ ಹುಡುಕುವುದಕ್ಕೂ ಮೊದಲು ಅದನ್ನು ಹಾಕಿಸಿ.

ದಾರಿಯನ್ನು ಮೂರು ತುಂಡು ಮಾಡಿ

ನಿಯಂತ್ರಕ "ತಂಪು ಮಾಡು" ಎಂದು ತೀರ್ಮಾನಿಸಿದ ಗಳಿಗೆಯಿಂದ ಕಂಪ್ರೆಸರ್ ಗುಂಯ್ ಎನ್ನುವವರೆಗಿನ ದಾರಿಯಲ್ಲಿ ಮೂರು ತುಂಡುಗಳಿವೆ. ಮೊದಲನೆಯದು ಸಿಗ್ನಲ್: ಕಂಟ್ರೋಲರಿನ ಪಿನ್‌ನಿಂದ ಬೋರ್ಡಿನ ಇನ್‌ಪುಟ್ ಪಿನ್ನಿಗೆ, ಅಲ್ಲಿಂದ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಒಳಗಿನ ಪುಟ್ಟ ಎಲ್‌ಇಡಿಯವರೆಗೆ. ಎರಡನೆಯದು ಕಾಯಿಲ್, ಅಂದರೆ ರಿಲೇಯೊಳಗಿನ ವಿದ್ಯುತ್ಕಾಂತದ ಸುರುಳಿ: ಆಪ್ಟೊಕಪ್ಲರ್ ಒಂದು ಟ್ರಾನ್ಸಿಸ್ಟರನ್ನು ಎಬ್ಬಿಸುತ್ತದೆ, ಟ್ರಾನ್ಸಿಸ್ಟರ್ ಕಾಯಿಲಿಗೆ ಕರೆಂಟ್ ಬಿಡುತ್ತದೆ. ಮೂರನೆಯದು ಕಾಂಟ್ಯಾಕ್ಟ್: ಕಾಯಿಲ್ ಎಳೆದ ತಗಡು ಮೇನ್ಸ್ ಸಾಲನ್ನು ಕೂಡಿಸುತ್ತದೆ.

ಸಾಮಾನ್ಯ ಬೋರ್ಡುಗಳಲ್ಲಿ ಕೆಂಪು ಎಲ್‌ಇಡಿ ಇರುವುದು ಮೊದಲನೆಯ ತುಂಡಿನಲ್ಲಿ. ಟಕ್ ಸದ್ದು ಹುಟ್ಟುವುದು ಎರಡನೆಯದರಲ್ಲಿ. ಮೂರನೆಯ ತುಂಡಿಗೆ ಯಾವ ಗುರುತೂ ಇಲ್ಲ. ಈ ಮೂರು ವಾಕ್ಯ ನೆನಪಿದ್ದರೆ ಅರ್ಧ ಕೆಲಸ ಆದಂತೆ:

ಎಲ್‌ಇಡಿಯೂ ಇಲ್ಲ, ಸದ್ದೂ ಇಲ್ಲ — ಸಿಗ್ನಲ್ ಹುಡುಕಿ. ಎಲ್‌ಇಡಿ ಇದೆ, ಸದ್ದಿಲ್ಲ — ಕಾಯಿಲಿನ ವಿದ್ಯುತ್ ಹುಡುಕಿ. ಎರಡೂ ಇವೆ, ಲೋಡ್ (ಫ್ರಿಜ್ ಅಥವಾ ಹೀಟರ್) ಓಡುತ್ತಿಲ್ಲ — ಕಾಂಟ್ಯಾಕ್ಟ್ ಮತ್ತು ಅದರಾಚೆ ನೋಡಿ.

ಬೋರ್ಡ್ ಕೆಟ್ಟಿದೆಯೋ ಕಂಟ್ರೋಲರ್ ಕೆಟ್ಟಿದೆಯೋ ಎಂದು ಬೇರ್ಪಡಿಸಲು ಒಂದು ವೈರ್ ತುಂಡು ಸಾಕು. ಮೇನ್ಸ್ ಕಿತ್ತಿರಲಿ, 5 ವೋಲ್ಟ್ ಇರಲಿ. ಇನ್‌ಪುಟ್ ಪಿನ್ನಿನಿಂದ ಕಂಟ್ರೋಲರಿನ ವೈರನ್ನು ಬಿಚ್ಚಿ, ಆ ಪಿನ್ನನ್ನು ಗ್ರೌಂಡಿಗೆ ಮುಟ್ಟಿಸಿ. ಟಕ್ ಎಂದರೆ ಬೋರ್ಡಿನ ಮೊದಲ ಎರಡು ತುಂಡು ಸರಿಯಿವೆ, ಅದು "ಲೋ" ಸಿಗ್ನಲ್ಲಿಗೆ (ಸೊನ್ನೆ ವೋಲ್ಟಿಗೆ) ಎಚ್ಚರಾಗುವ ಜಾತಿಯದ್ದು ಎಂಬುದೂ ಗೊತ್ತಾಯಿತು. ಗ್ರೌಂಡಿಗೆ ಸುಮ್ಮನಿದ್ದು ವಿಸಿಸಿಗೆ (5 ವೋಲ್ಟಿನ ಪ್ಲಸ್ ಪಿನ್ನಿಗೆ) ಮುಟ್ಟಿಸಿದಾಗ ಟಕ್ ಎಂದರೆ ಅದು "ಹೈ" ಜಾತಿಯದ್ದು. ಎರಡಕ್ಕೂ ಸುಮ್ಮನಿದ್ದರೆ ತಪ್ಪು ಬೋರ್ಡಿನಲ್ಲಿ ಅಥವಾ ಅದರ ವಿದ್ಯುತ್ತಿನಲ್ಲಿ. ಪ್ರೋಗ್ರಾಂ ತೆರೆಯುವ ಅಗತ್ಯವೇ ಇಲ್ಲ.

ದೋಷವೇ ಅಲ್ಲದ ದೋಷ

ಬೋರ್ಡ್ ಬಿಚ್ಚುವ ಮೊದಲು ಗಡಿಯಾರ ನೋಡಿ. ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಚಾಲೂ ಮಾಡಿದರೆ ಒಳಗಿನ ಅನಿಲದ ಒತ್ತಡ ಇನ್ನೂ ಸಮನಾಗಿರುವುದಿಲ್ಲ. ಮೋಟಾರು ತಿರುಗಲಾರದೆ ಹೆಚ್ಚು ಕರೆಂಟ್ ಎಳೆಯುತ್ತದೆ, ಓವರ್‌ಲೋಡ್ ಸ್ವಿಚ್ ಬೀಳುತ್ತದೆ. ಇದನ್ನು ತಪ್ಪಿಸಲೆಂದೇ ಬಿಯರ್ ನಿಯಂತ್ರಕಗಳಲ್ಲಿ ಕಾಯುವ ಅವಧಿ ಇಟ್ಟಿರುತ್ತಾರೆ. ಎಸ್‌ಟಿಸಿ-1000 ಎಂಬ ಅಗ್ಗದ ಥರ್ಮೊಸ್ಟ್ಯಾಟ್‌ನಲ್ಲಿ ಎಫ್3 ಎನ್ನುವುದೇ ಆ ಅವಧಿ: 1ರಿಂದ 10 ನಿಮಿಷ, ಮೊದಲೇ ಇಟ್ಟಿರುವುದು 3. ಬಿಯರ್ ಹುದುಗಿಸುವವರ ನಿಯಂತ್ರಕ ಪ್ರೋಗ್ರಾಂ ಆದ ಬ್ರೂಪೈನಲ್ಲೂ ಕನಿಷ್ಠ ಆಫ್ ಅವಧಿ, ಕನಿಷ್ಠ ಆನ್ ಅವಧಿ ಎಂದು ಬೇರೆ ಬೇರೆ ಇವೆ. ಪವರ್ ಕೊಟ್ಟ ತಕ್ಷಣ ರಿಲೇ ಟಕ್ ಎನ್ನಲಿಲ್ಲ ಎಂದು ವೈರ್ ಕೀಳಲು ಹೊರಡುವವರು ಹತ್ತು ನಿಮಿಷ ಬಿಟ್ಟು ಬಂದು ನೋಡಲಿ.

ಇದರ ಜೊತೆಯಲ್ಲೇ ಇನ್ನೊಂದು. ಫ್ರಿಜ್ಜಿನೊಳಗೆ ಅದರದೇ ಥರ್ಮೊಸ್ಟ್ಯಾಟ್ ಇದೆ. ನೀವು 18 ಡಿಗ್ರಿಯಿಂದ 10ಕ್ಕೆ ಇಳಿಸಲು ಹೊರಟಿದ್ದೀರಿ, ಆದರೆ ಅದರ ಗುಂಡಿ ಕಡಿಮೆ ತಂಪಿನಲ್ಲಿ ನಿಂತಿದೆ ಅಂದುಕೊಳ್ಳಿ. ನಿಮ್ಮ ರಿಲೇ ಕರೆಂಟ್ ಕೊಡುತ್ತಲೇ ಇರುತ್ತದೆ, ಫ್ರಿಜ್ ತಾನಾಗಿಯೇ ನಿಲ್ಲುತ್ತದೆ. ಗುಂಡಿಯನ್ನು ಅತಿ ತಂಪಿಗೆ ತಿರುಗಿಸಿಡಿ. ಎಲೆಕ್ಟ್ರಾನಿಕ್ ಬೋರ್ಡ್ ಇರುವ ಹೊಸ ಫ್ರಿಜ್ಜುಗಳು ಇನ್ನೂ ಕಿರಿಕಿರಿ. ಕರೆಂಟ್ ಬಂದ ಮೇಲೂ ತಮ್ಮದೇ ಲೆಕ್ಕದಲ್ಲಿ ಕಾಯುತ್ತವೆ. ರಿಲೇ ಮೂಲಕ ಓಡಿಸುವುದಕ್ಕೆ ಗುಂಡಿ ತಿರುಗಿಸುವ ಹಳೆಯ ಕಾಲದ ಫ್ರಿಜ್ಜೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ತಂಪು ಮಾಡು ಎಂದರೆ ಬಿಸಿ ಮಾಡುತ್ತದೆ

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ಸ್ಕ್ರೀನಿನಲ್ಲಿ "ಕೂಲಿಂಗ್" ಎಂದಿದೆ, ಹೀಟರ್ ಬೆಚ್ಚಗಾಗುತ್ತಿದೆ. ಎರಡು ಕಾರಣ ಇರಬಹುದು. ಒಂದು, ಎರಡು ಇನ್‌ಪುಟ್ ವೈರ್‌ಗಳು ಅದಲು ಬದಲಾಗಿವೆ. ಎರಡು, ಲಾಜಿಕ್ ಉಲ್ಟಾ ಆಗಿದೆ: ಬೋರ್ಡ್ "ಲೋ" ಸಿಕ್ಕಾಗ ಆನ್ ಆಗುವಂಥದ್ದು, ಪ್ರೋಗ್ರಾಂ "ಹೈ" ಕೊಟ್ಟು ಆನ್ ಮಾಡಲು ನೋಡುತ್ತಿದೆ.

ತೊಂದರೆ ಏನೆಂದರೆ, ಕೂಲಿಂಗ್ ನಡೆಯುವಾಗ ನೋಡಿದರೆ ಈ ಎರಡು ದೋಷಗಳೂ ಒಂದೇ ಥರ ಕಾಣುತ್ತವೆ. ವೈರ್ ಅದಲು ಬದಲಾಗಿದ್ದರೆ ಹೀಟರ್ ಆನ್, ಫ್ರಿಜ್ ಆಫ್. ಲಾಜಿಕ್ ಉಲ್ಟಾ ಆಗಿದ್ದರೂ ಹೀಟರ್ ಆನ್, ಫ್ರಿಜ್ ಆಫ್! ಜನ ಮೊದಲು ವೈರ್ ಬದಲಿಸುತ್ತಾರೆ, ಕೂಲಿಂಗ್‌ನಲ್ಲಿ ಫ್ರಿಜ್ ಓಡುತ್ತದೆ, ಗೆದ್ದೆವು ಎಂದು ಬಾಗಿಲು ಹಾಕುತ್ತಾರೆ. ರಾತ್ರಿ ನಿಯಂತ್ರಕ ಐಡಲ್‌ಗೆ (ತಂಪೂ ಬೇಡ, ಬಿಸಿಯೂ ಬೇಡ ಎಂಬ ಸ್ಥಿತಿಗೆ) ಬಂದಾಗ ಫ್ರಿಜ್ಜೂ ಹೀಟರೂ ಒಟ್ಟಿಗೆ ಓಡುತ್ತಿರುತ್ತವೆ.

ಬೇರ್ಪಡಿಸಬೇಕಾದದ್ದು ಐಡಲ್ ಸ್ಥಿತಿಯಲ್ಲಿ. ಗುರಿಯ ತಾಪಮಾನವನ್ನು ಈಗಿನ ತಾಪಮಾನಕ್ಕೇ ಇಟ್ಟು ನಿಯಂತ್ರಕವನ್ನು ಸುಮ್ಮನಾಗಿಸಿ. ಎರಡೂ ಎಲ್‌ಇಡಿ ಆರಿದ್ದರೆ ಲಾಜಿಕ್ ಸರಿ, ತಪ್ಪಿರುವುದು ವೈರ್ ಅದಲು ಬದಲಿನಲ್ಲಿ. ಎರಡೂ ಹೊತ್ತಿದ್ದರೆ ಲಾಜಿಕ್ ಉಲ್ಟಾ. ಬ್ರೂಪೈನಂಥ ಪ್ರೋಗ್ರಾಂಗಳಲ್ಲಿ ಪ್ರತಿ ಪಿನ್ನಿಗೂ "ಇನ್ವರ್ಟೆಡ್" ಎಂಬ ಆಯ್ಕೆ ಇದೆ. ಅಲ್ಲಿ ಬದಲಿಸಿದರೆ ಮುಗಿಯಿತು. ಸ್ವಂತ ಪ್ರೋಗ್ರಾಂ ಬರೆದಿದ್ದರೆ ಹೈ-ಲೋ ಎರಡನ್ನೂ ಪ್ರೋಗ್ರಾಂ ಪೂರ್ತಿ ಚೆಲ್ಲಾಡದೆ ಮೇಲೆ ಒಂದೇ ಕಡೆ ಹೆಸರಿಟ್ಟು ಬರೆದಿಡಿ.

ಇಲ್ಲಿ ಒಂದು ಅಡ್ಡದಾರಿ ಇದೆ, ಅದರಲ್ಲಿ ಹೋಗಬೇಡಿ. ಉಲ್ಟಾ ಲಾಜಿಕ್ಕನ್ನು ಸರಿಮಾಡಲು ಕೆಲವರು ಮೇನ್ಸ್ ವೈರನ್ನು ಎನ್‌ಒ ಟರ್ಮಿನಲ್ಲಿನಿಂದ (ಕಾಯಿಲಿಗೆ ವಿದ್ಯುತ್ ಬಂದಾಗ ಮಾತ್ರ ಕೂಡುವ ಕಾಂಟ್ಯಾಕ್ಟ್) ತೆಗೆದು ಎನ್‌ಸಿಗೆ ಹಾಕುತ್ತಾರೆ. ಲೆಕ್ಕ ಸರಿಹೋಗುತ್ತದೆ, ನಿಜ. ಆದರೆ ಎನ್‌ಸಿ ಎಂದರೆ ಕಾಯಿಲಿಗೆ ವಿದ್ಯುತ್ ಇಲ್ಲದಾಗಲೂ ಕೂಡಿಕೊಂಡಿರುವ ಕಾಂಟ್ಯಾಕ್ಟ್. 5 ವೋಲ್ಟಿನ ಅಡಾಪ್ಟರ್ ಸತ್ತ ದಿನ ಹೀಟರ್ ನಿಲ್ಲದೆ ಉರಿಯುತ್ತದೆ. ನಿಯಂತ್ರಕ ಸತ್ತರೆ ಲೋಡೂ ನಿಲ್ಲಬೇಕು. ಅದಕ್ಕೆ ಫೇಸ್ ವೈರ್ ಕಾಮ್‌ಗೆ (ಎರಡೂ ಕಾಂಟ್ಯಾಕ್ಟಿಗೆ ಸೇರಿದ ಟರ್ಮಿನಲ್ಲಿಗೆ), ಲೋಡಿನ ವೈರ್ ಎನ್‌ಒಗೆ.

ಎಲ್‌ಇಡಿ ಹೊತ್ತುತ್ತದೆ, ಸದ್ದಿಲ್ಲ

ಹತ್ತಕ್ಕೆ ಒಂಬತ್ತು ಸಲ ಇದು ಜಂಪರಿನ ಕಥೆ. ಬೋರ್ಡಿನ ಒಂದು ಬದಿಯಲ್ಲಿ ಜೆಡಿ-ವಿಸಿಸಿ, ವಿಸಿಸಿ, ಗ್ರೌಂಡ್ ಎಂಬ ಮೂರು ಪಿನ್ ಇರುತ್ತವೆ. ಮೊದಲೆರಡರ ಮೇಲೆ ಒಂದು ಪುಟ್ಟ ಜಂಪರ್. ವಿಸಿಸಿ ಆಪ್ಟೊಕಪ್ಲರಿನ ಎಲ್‌ಇಡಿಗೆ ವಿದ್ಯುತ್ ಕೊಡುತ್ತದೆ, ಜೆಡಿ-ವಿಸಿಸಿ ಕಾಯಿಲಿಗೆ. ಜಂಪರ್ ಬಿದ್ದುಹೋಗಿದ್ದರೆ ಕೆಂಪು ದೀಪ ಚೆನ್ನಾಗಿಯೇ ಹೊತ್ತುತ್ತದೆ, ಕಾಯಿಲಿಗೆ ಮಾತ್ರ ಏನೂ ಸಿಗುವುದಿಲ್ಲ.

ಬೇಕೆಂದೇ ಜಂಪರ್ ತೆಗೆದು ಕಾಯಿಲಿಗೆ ಬೇರೆ ಅಡಾಪ್ಟರ್ ಕೊಡುವುದು ಒಳ್ಳೆಯ ಪದ್ಧತಿ. ಆಗ ಆ ಅಡಾಪ್ಟರಿನ ಪ್ಲಸ್ ಜೆಡಿ-ವಿಸಿಸಿಗೆ, ಮೈನಸ್ ಬೋರ್ಡಿನ ಗ್ರೌಂಡಿಗೆ ಬರಬೇಕು. ಮೈನಸ್ ಮರೆತರೂ ಇದೇ ಲಕ್ಷಣ. ಕಂಟ್ರೋಲರಿನಿಂದ ಬೋರ್ಡಿಗೆ ವಿಸಿಸಿ ಮತ್ತು ಇನ್‌ಪುಟ್ ವೈರ್‌ಗಳು ಮಾತ್ರ ಸಾಕು. ಅದರ ಗ್ರೌಂಡನ್ನೂ ತಂದು ಸೇರಿಸಿದರೆ ಬೋರ್ಡ್ ಓಡುತ್ತದೆ, ಆದರೆ ಎರಡು ಬದಿಗಳನ್ನು ಬೇರೆ ಮಾಡಿದ ಲಾಭ ಹೋಯಿತು. ಜಂಪರ್ ಇದ್ದಾಗ ಮಾತ್ರ ಕಂಟ್ರೋಲರಿನ ಗ್ರೌಂಡ್ ಬೇಕೇ ಬೇಕು.

ವೋಲ್ಟೇಜ್ ಇದ್ದೂ ಸಾಲದೆ ಹೋಗುವುದುಂಟು. ಈ ಬೋರ್ಡುಗಳ ಮೇಲೆ ಹೆಚ್ಚಾಗಿ ಕಾಣುವ ನೀಲಿ 5 ವೋಲ್ಟ್ ರಿಲೇಯ ಕಾಯಿಲ್ ಸುಮಾರು 70 ಓಮ್, ಅಂದರೆ ಒಂದಕ್ಕೆ 71 ಮಿಲಿಆಂಪಿಯರ್. ಎಳೆದುಕೊಳ್ಳಲು 5ರ ಮುಕ್ಕಾಲು ಪಾಲು, ಅಂದರೆ 3.75 ವೋಲ್ಟ್‌ವರೆಗೂ ಬೇಕಾಗಬಹುದು. ತೆಳ್ಳನೆಯ ಉದ್ದ ಜಂಪರ್ ವೈರುಗಳು, ಸಡಿಲ ಬ್ರೆಡ್‌ಬೋರ್ಡ್, ಹಳೆಯ ಫೋನ್ ಚಾರ್ಜರ್ ಮೂರೂ ಕೂಡಿದರೆ ರಿಲೇ ಎಳೆಯುವ ಕ್ಷಣದಲ್ಲಿ 5 ಅನ್ನುವುದು 4ರ ಆಸುಪಾಸಿಗೆ ಕುಸಿಯುತ್ತದೆ. ಮೀಟರನ್ನು ಅಡಾಪ್ಟರಿನ ತುದಿಯಲ್ಲಿ ಹಿಡಿಯಬೇಡಿ, ಬೋರ್ಡಿನ ಪಿನ್ನಿನಲ್ಲೇ ಹಿಡಿಯಿರಿ, ಅದೂ ರಿಲೇ ಆನ್ ಆಗುವ ಹೊತ್ತಿಗೆ.

3.3 ವೋಲ್ಟಿನ ಕಂಟ್ರೋಲರ್: ರಿಲೇ ಬಿಡುವುದೇ ಇಲ್ಲ

ಇಎಸ್‌ಪಿ8266, ಇಎಸ್‌ಪಿ32, ರಾಸ್ಪ್‌ಬೆರಿ ಪೈ ಎಂಬ ಕಂಟ್ರೋಲರುಗಳು, ಇವೆಲ್ಲದರ "ಹೈ" ಎಂದರೆ 3.3 ವೋಲ್ಟ್. ಬೋರ್ಡಿನ ವಿಸಿಸಿ 5 ವೋಲ್ಟ್. ಲೋ-ಜಾತಿಯ ಬೋರ್ಡನ್ನು ಆಫ್ ಮಾಡಲು ಇನ್‌ಪುಟ್ಟನ್ನು ವಿಸಿಸಿಯ ಹತ್ತಿರಕ್ಕೆ ಏರಿಸಬೇಕು, ಇಲ್ಲಿ 1.7 ವೋಲ್ಟಿನ ಅಂತರ ಉಳಿಯುತ್ತದೆ. ಆ ಅಂತರ ಸಾಕೇ ಎಂಬುದು ಬೋರ್ಡಿನ ಮೇಲೆ ನಿಂತಿದೆ. ಒಬ್ಬರಿಗೆ ಸರಿಹೋದದ್ದು ಇನ್ನೊಬ್ಬರಿಗೆ ಸರಿಹೋಗದೆ ಇರುವುದಕ್ಕೆ ಇದೇ ಕಾರಣ.

ಲೆಕ್ಕ ಹಾಕೋಣ. ಆಪ್ಟೊಕಪ್ಲರಿನ ಎಲ್‌ಇಡಿಗೆ ಸುಮಾರು 1.2 ವೋಲ್ಟ್, ಕೆಂಪು ಸೂಚಕ ಎಲ್‌ಇಡಿಗೆ ಸುಮಾರು 1.8 ಬೇಕು, ಸಾಲಿನಲ್ಲಿ ಒಂದು 1 ಕಿಲೊಓಮ್ ರೆಸಿಸ್ಟರ್ ಇದೆ. ಎರಡು ಎಲ್‌ಇಡಿಗಳೂ ಒಂದೇ ಸಾಲಿನಲ್ಲಿದ್ದರೆ ಒಟ್ಟು 3 ವೋಲ್ಟ್ ಬೇಕು, 1.7 ಎಲ್ಲಿಗೂ ಸಾಲದು, ರಿಲೇ ಆರುತ್ತದೆ. ಇಂಥ ಬೋರ್ಡಿಗೆ 5 ವೋಲ್ಟ್ ವಿಸಿಸಿ ಇದ್ದರೂ ತೊಂದರೆಯಿಲ್ಲ. ಸೂಚಕ ಎಲ್‌ಇಡಿ ಬೇರೆಲ್ಲೋ ಇದ್ದು ಸಾಲಿನಲ್ಲಿ ಆಪ್ಟೊ ಮಾತ್ರ ಇದ್ದರೆ 1.7ರಲ್ಲಿ 1.2 ಕಳೆದು 0.5 ವೋಲ್ಟ್ ಉಳಿಯಿತು, ಅರ್ಧ ಮಿಲಿಆಂಪಿಯರ್ ಹರಿಯುತ್ತಲೇ ಇರುತ್ತದೆ. ಹಿಂದಿರುವ ಟ್ರಾನ್ಸಿಸ್ಟರ್ ಅಷ್ಟನ್ನೇ ಹಿಗ್ಗಿಸಿ ರಿಲೇಯನ್ನು ಹಿಡಿದುಕೊಂಡಿರಬಲ್ಲದು. ಒಮ್ಮೆ ಎಳೆದ ರಿಲೇಯನ್ನು ಹಿಡಿದಿಡಲು ಎಳೆಯುವಷ್ಟು ಶಕ್ತಿ ಬೇಕಿಲ್ಲ ಎಂಬುದನ್ನೂ ನೆನಪಿಡಿ.

ಎಲ್ಲರೂ ಹೇಳುವ ಮದ್ದು: ಜಂಪರ್ ತೆಗೆದು ವಿಸಿಸಿಗೆ 3.3, ಜೆಡಿ-ವಿಸಿಸಿಗೆ 5. ಸಾಲಿನಲ್ಲಿ ಆಪ್ಟೊ ಮಾತ್ರ ಇರುವ ಬೋರ್ಡಿಗೆ ಇದು ಸರಿಯಾದ ಮದ್ದು, 3.3ರಲ್ಲಿ 1.2 ಹೋಗಿ 2 ಮಿಲಿಆಂಪಿಯರ್ ಚಿಲ್ಲರೆ ಸಿಗುತ್ತದೆ. ಎರಡೂ ಎಲ್‌ಇಡಿ ಒಂದೇ ಸಾಲಿನಲ್ಲಿರುವ ಬೋರ್ಡಿಗೆ ಇದನ್ನೇ ಮಾಡಿದರೆ 3.3ರಲ್ಲಿ 3 ಹೋಗಿ ಉಳಿಯುವುದು 0.3, ರಿಲೇ ಇವತ್ತು ಎಳೆದು ನಾಳೆ ಎಳೆಯದೆ ಹೋಗಬಹುದು. ನಿಮ್ಮ ಬೋರ್ಡ್ ಯಾವುದೆಂದು ಬಗೆಹರಿಯದಿದ್ದರೆ ನಡುವೆ ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್ ಹಾಕಿ, ಬಿಸಿ547 ಆದರೂ ನಡೆಯುತ್ತದೆ. ಕಂಟ್ರೋಲರಿನ ಪಿನ್ನಿನಿಂದ 1 ಕಿಲೊಓಮ್ ಮೂಲಕ ಬೇಸ್‌ಗೆ, ಎಮಿಟರ್ ಕಂಟ್ರೋಲರಿನ ಗ್ರೌಂಡಿಗೆ, ಕಲೆಕ್ಟರ್ ಬೋರ್ಡಿನ ಇನ್‌ಪುಟ್ಟಿಗೆ. ವಿಸಿಸಿ 5 ವೋಲ್ಟೇ ಇರಲಿ. ಆದರೆ ಟ್ರಾನ್ಸಿಸ್ಟರ್ ಲಾಜಿಕ್ಕನ್ನು ತಿರುಗಿಸುತ್ತದೆ, ಈಗ "ಹೈ" ಎಂದರೆ ಆನ್. ಇನ್ವರ್ಟೆಡ್ ಆಯ್ಕೆಯನ್ನು ಮತ್ತೆ ಬದಲಿಸದೆ ಮೇಲಿನ ದೋಷವನ್ನೇ ಹೊಸದಾಗಿ ತಂದುಕೊಳ್ಳುವವರು ಬಹಳ.

ಆನ್ ಮಾಡಿದಾಗಲೆಲ್ಲ ಒಮ್ಮೆ ಟಕ್

ಕಂಟ್ರೋಲರ್ ಬೂಟ್ ಆಗುವಾಗ ಪಿನ್‌ಗಳು ಹೇಳಿದ ಮಾತು ಕೇಳುವುದಿಲ್ಲ. ಇಎಸ್‌ಪಿ8266ರಲ್ಲಿ ಜಿಪಿಐಒ (ಪ್ರೋಗ್ರಾಂ ಆಡಿಸುವ ಪಿನ್) 0, 2, 15 ಮೂರೂ ಬೂಟ್ ಹೇಗಾಗಬೇಕೆಂದು ತೀರ್ಮಾನಿಸುವ ಪಿನ್‌ಗಳು. ಅಲ್ಲಿ ರಿಲೇ ಹಾಕಿದರೆ ಟಕ್ ಎನ್ನುವುದು ಹಾಗಿರಲಿ, ಕಂಟ್ರೋಲರ್ ಏಳದೆಯೂ ಹೋಗಬಹುದು. ಜಿಪಿಐಒ 4 ಮತ್ತು 5, ಕಂಟ್ರೋಲರಿನ ಬೋರ್ಡಿನ ಮೇಲೆ ಡಿ2 ಮತ್ತು ಡಿ1 ಎಂದು ಬರೆದಿರುವವು, ಸಾಧುಗಳು. ಆರ್ಡುಯಿನೊ ಉನೊ ಎಂಬ ಕಂಟ್ರೋಲರಿನಲ್ಲಿ ಕಾರಣ ಬೇರೆ: ಪಿನ್ನನ್ನು ಔಟ್‌ಪುಟ್ ಎಂದು ಘೋಷಿಸಿದ ಕ್ಷಣ ಅದು "ಲೋ" ಆಗುತ್ತದೆ, ಲೋ-ಜಾತಿಯ ರಿಲೇ ಎಳೆಯುತ್ತದೆ. ಮೊದಲು "ಹೈ" ಬರೆದು ಆಮೇಲೆ ಔಟ್‌ಪುಟ್ ಎಂದು ಘೋಷಿಸಿ. ಎರಡು ಸಾಲುಗಳ ಹಿಂದುಮುಂದು, ಅಷ್ಟೇ.

ಟಕ್ ಇದೆ, ಲೋಡಿಗೆ ಕರೆಂಟಿಲ್ಲ

ಹೊಸದಾಗಿ ವೈರಿಂಗ್ ಮಾಡಿದ್ದರೆ ಮೊದಲ ಅನುಮಾನ ತಪ್ಪು ತಿಳಿವಳಿಕೆಯ ಮೇಲೆ. ರಿಲೇ ಬರೀ ಸ್ವಿಚ್ಚು, ಅದರೊಳಗೆ ಮೇನ್ಸ್ ಹುಟ್ಟುವುದಿಲ್ಲ. ಎಸ್‌ಟಿಸಿ-1000ರ 1 ಮತ್ತು 2ನೇ ಟರ್ಮಿನಲ್ ಅದರ ಸ್ವಂತ ವಿದ್ಯುತ್ತಿಗೆ, 3-4 ಸೆನ್ಸರಿಗೆ, 5-6 ಹೀಟಿಂಗ್ ಸ್ವಿಚ್ಚು, 7-8 ಕೂಲಿಂಗ್ ಸ್ವಿಚ್ಚು. 7 ಮತ್ತು 8ಕ್ಕೆ ಫ್ರಿಜ್ಜಿನ ಫೇಸ್-ನ್ಯೂಟ್ರಲ್ ಎರಡನ್ನೂ ತಿರುಗಿಸಿ ಬಿಗಿದು, ಕರೆಂಟ್ ಏಕಿಲ್ಲ ಎಂದು ಕಾಯುವವರಿದ್ದಾರೆ. ಫೇಸನ್ನು 1ರಿಂದಲೋ 2ರಿಂದಲೋ ಒಂದು ತುಂಡು ವೈರಿನಲ್ಲಿ 7ಕ್ಕೆ ತರಬೇಕು, 8ರಿಂದ ಫ್ರಿಜ್ಜಿಗೆ ಹೋಗಬೇಕು. ಫ್ರಿಜ್ಜಿನ ನ್ಯೂಟ್ರಲ್ ರಿಲೇಯನ್ನು ಮುಟ್ಟದೆ ನೇರ ಹೋಗಬೇಕು. ಯಾವುದು ಫೇಸ್ ಎಂಬುದನ್ನು ಬಣ್ಣ ನಂಬದೆ ಅಳೆದು ನೋಡಿ.

ಇಲ್ಲಿ ಮೀಟರ್ ಕೂಡ ದಾರಿ ತಪ್ಪಿಸುತ್ತದೆ. ತೆರೆದ ಕಾಂಟ್ಯಾಕ್ಟಿನ ಆಚೆಗೆ ಹಿಡಿದರೂ ಡಿಜಿಟಲ್ ಮೀಟರ್ 60, 80 ವೋಲ್ಟ್ ತೋರಿಸಬಹುದು. ಪಕ್ಕದ ವೈರಿನಿಂದ ಬಂದ ಭೂತ ವೋಲ್ಟೇಜ್ ಅದು, ಲೋಡ್ ಹಾಕಿದ ಕೂಡಲೇ ಮಾಯ. ನಿಯಾನ್ ಟೆಸ್ಟರ್ ಕೂಡ ಇದಕ್ಕೆ ಮಿಣುಕುತ್ತದೆ. ಇನ್ನು ಬೀಪ್ ಪರೀಕ್ಷೆ: ಮೀಟರ್ ಬಿಡುವುದು ಒಂದೆರಡು ಮಿಲಿಆಂಪಿಯರ್. ಒಂದೇ ಎಳೆ ತಂತಿಯ ಮೇಲೆ ನೇತಾಡುವ ಸ್ಕ್ರೂ ಕೂಡ ಅದಕ್ಕೆ ಬೀಪ್ ಎನ್ನುತ್ತದೆ, ಕಂಪ್ರೆಸರ್ ಎಳೆದಾಗ ಮಾತ್ರ ಕೈಕೊಡುತ್ತದೆ. ನಾನು ನಂಬುವುದು ಹೋಲ್ಡರಿನಲ್ಲಿ ಹಾಕಿದ 60 ವಾಟ್‌ನ ತಂತಿ ಬಲ್ಬನ್ನು. ಫ್ರಿಜ್ಜಿನ ಪ್ಲಗ್ ಕಿತ್ತು ಅದೇ ಸಾಕೆಟ್ಟಿಗೆ ಬಲ್ಬ್ ಹಾಕಿ, ಪೆಟ್ಟಿಗೆ ಮುಚ್ಚಿ, ಮೇನ್ಸ್ ಕೊಡಿ. ಪೂರ್ಣ ಹೊತ್ತಿದರೆ ಕಾಂಟ್ಯಾಕ್ಟ್ ಬಹುಮಟ್ಟಿಗೆ ಸರಿ, ಅನುಮಾನ ಫ್ರಿಜ್ಜಿನ ಮೇಲೆ. ಮಿಣುಕಿದರೆ ಸ್ಕ್ರೂ ಸಡಿಲ ಅಥವಾ ಕಾಂಟ್ಯಾಕ್ಟ್ ಸುಟ್ಟಿದೆ. ಎಲ್‌ಇಡಿ ಬಲ್ಬ್ ಇದಕ್ಕೆ ಆಗದು, ಅದು ಸೋರಿಕೆ ಕರೆಂಟಿಗೂ ಬೆಳಗುತ್ತದೆ.

ಎಲ್‌ಇಡಿ ಆರಿದೆ, ಫ್ರಿಜ್ ಓಡುತ್ತಲೇ ಇದೆ

ಒಂದು ಬೆಳಿಗ್ಗೆ 18 ಡಿಗ್ರಿಯಲ್ಲಿ ಇರಬೇಕಾದ ನನ್ನ ಬಿಯರ್ 6ರಲ್ಲಿತ್ತು. ಯೀಸ್ಟ್ ಎಲ್ಲ ತಳ ಹಿಡಿದು ಮಲಗಿತ್ತು. ಸ್ಕ್ರೀನು "ಐಡಲ್" ಎನ್ನುತ್ತಿತ್ತು, ರಿಲೇಯ ಎಲ್‌ಇಡಿ ಆರಿತ್ತು, ಕಂಪ್ರೆಸರ್ ಮಾತ್ರ ಗುಂಯ್ ಎನ್ನುತ್ತಿತ್ತು. ಎರಡು ಗಂಟೆ ಪ್ರೋಗ್ರಾಂ ಓದಿದೆ, ಸೆನ್ಸರ್ ಬದಲಿಸಿದೆ. ಕೊನೆಗೆ ಇನ್‌ಪುಟ್ ವೈರನ್ನೇ ಕಿತ್ತರೂ ಫ್ರಿಜ್ ನಿಲ್ಲದಾಗ ಬುದ್ಧಿ ಬಂತು. ಪ್ಲಗ್ ಕಿತ್ತು ಕಾಮ್ ಮತ್ತು ಎನ್‌ಒ ನಡುವೆ ಮೀಟರ್ ಹಿಡಿದೆ: ಬೀಪ್. ಕಾಂಟ್ಯಾಕ್ಟುಗಳು ಬೆಸೆದುಕೊಂಡಿದ್ದವು. ಸ್ಕ್ರೂಡ್ರೈವರಿನ ಹಿಡಿಯಿಂದ ರಿಲೇಯ ನೆತ್ತಿಗೆ ಮೆಲ್ಲಗೆ ತಟ್ಟಿದೆ, ಬಿಟ್ಟುಕೊಂಡಿತು.

ತಟ್ಟಿದಾಗ ಬಿಟ್ಟಿತೆಂದು ಮತ್ತೆ ಬಳಸಬೇಡಿ. ಒಮ್ಮೆ ಬೆಸೆದ ಮೇಲ್ಮೈ ಒರಟಾಗಿರುತ್ತದೆ, ಮತ್ತೆ ಬೆಸೆಯುತ್ತದೆ. ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿರುವುದು ಹೀಟರಿನಂಥ ರೆಸಿಸ್ಟಿವ್ ಲೋಡಿಗೆ. ಓಡುವಾಗ ಒಂದು ಆಂಪಿಯರ್ ಎಳೆಯುವ ಕಂಪ್ರೆಸರ್ ಏಳುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ತಗಡು ಕೂಡುವಾಗ ಕಾಣದಷ್ಟು ಚಿಕ್ಕದಾಗಿ ಪುಟಿಯುತ್ತದೆ, ಪುಟಿದಾಗಲೆಲ್ಲ ಕಿಡಿ. ಆನ್ ಆಫ್ ಎಷ್ಟು ಹೆಚ್ಚೋ ಸವೆತ ಅಷ್ಟು. ಆದ್ದರಿಂದ ಸೆನ್ಸರನ್ನು ಫ್ರಿಜ್ಜಿನ ಗಾಳಿಯಲ್ಲಿ ತೂಗಬಿಟ್ಟು ಅದೊಂದರಿಂದಲೇ ನಿಯಂತ್ರಿಸಬೇಡಿ. ಹುದುಗುವ ಡಬ್ಬಕ್ಕೆ ಒತ್ತಿ ಅಂಟಿಸಿ ಮೇಲೆ ಸ್ಪಂಜಿನ ತುಂಡು ಕಟ್ಟಿ. ರಿಲೇ ಆನ್ ಆಫ್ ಆಗುವ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ. ನಾನು ಆಮೇಲೆ ಮಾಡಿದ್ದು ಇನ್ನೊಂದು: ಬೋರ್ಡಿನ ರಿಲೇ ಈಗ ಮೋಟಾರ್ ಲೋಡಿಗೆಂದೇ ರೇಟ್ ಮಾಡಿದ ಕಾಂಟ್ಯಾಕ್ಟರಿನ (ದೊಡ್ಡ ರಿಲೇಯ) ಕಾಯಿಲನ್ನು ಮಾತ್ರ ಎಳೆಯುತ್ತದೆ, ಫ್ರಿಜ್ಜಿನ ಕರೆಂಟ್ ಹರಿಯುವುದು ಕಾಂಟ್ಯಾಕ್ಟರಿನಲ್ಲಿ.

ಹೀಟರಿಗೆ ಸಾಲಿಡ್ ಸ್ಟೇಟ್ ರಿಲೇ (ಅಲುಗಾಡುವ ತಗಡೇ ಇಲ್ಲದ ರಿಲೇ) ಹಾಕಿದ್ದರೆ ಬೆಸೆಯುವ ಪ್ರಶ್ನೆ ಇಲ್ಲ, ಆದರೆ ಅವು ಕೆಡುವಾಗ ಬಹುಪಾಲು ಶಾರ್ಟ್ ಆಗಿಯೇ ಕೆಡುತ್ತವೆ, ಅಂದರೆ ಹೀಟರ್ ಆನ್ ಆಗಿಯೇ ಉಳಿಯುತ್ತದೆ. ಹೀಟರಿನ ಸಾಲಿನಲ್ಲಿ ಒಂದು ಥರ್ಮಲ್ ಫ್ಯೂಸ್ (ಬಿಸಿ ಮಿತಿಮೀರಿದರೆ ಸಾಲು ಕಡಿಯುವ ಫ್ಯೂಸ್) ಇರಲಿ. ಎಸಿಗೆಂದು ಮಾಡಿದ್ದನ್ನು 12 ವೋಲ್ಟ್ ಡಿಸಿ ಹೀಟರಿಗೆ ಹಾಕಿದ್ದರೂ ಇದೇ ಲಕ್ಷಣ: ಒಮ್ಮೆ ಆನ್ ಆದದ್ದು ಆರುವುದೇ ಇಲ್ಲ. ಅದರೊಳಗೆ ಸ್ವಿಚ್ಚಿನ ಕೆಲಸ ಮಾಡುವ ಟ್ರಯಾಕ್ ಆರುವುದು ಕರೆಂಟ್ ಸೊನ್ನೆಗೆ ಇಳಿದಾಗ, ಡಿಸಿಯಲ್ಲಿ ಆ ಗಳಿಗೆ ಬರುವುದಿಲ್ಲ.

85 ಡಿಗ್ರಿ, ಮೈನಸ್ 127, ಗೀಚಾದ ಸ್ಕ್ರೀನು

ಸೆನ್ಸರಿನ ದೋಷದಂತೆ ಕಂಡರೂ ಇವುಗಳ ಮೂಲ ಎಷ್ಟೋ ಸಲ ರಿಲೇಯಲ್ಲಿರುತ್ತದೆ. ಡಿಎಸ್18ಬಿ20 ಸೆನ್ಸರ್ ವಿದ್ಯುತ್ ಬಂದ ಕೂಡಲೇ ತನ್ನ ನೆನಪಿನಲ್ಲಿ ಇಟ್ಟುಕೊಳ್ಳುವ ಮೊದಲ ಸಂಖ್ಯೆ 85. ರಿಲೇ ಎಳೆದಾಗ 5 ವೋಲ್ಟ್ ಕುಸಿದು ಸೆನ್ಸರ್ ಮರುಹುಟ್ಟು ಪಡೆದರೆ ಓದಿಗೆ 85 ಸಿಗುತ್ತದೆ. ಅದನ್ನು ತಿರಸ್ಕರಿಸದ ಪ್ರೋಗ್ರಾಂ ಬಿಯರ್ ಕುದಿಯುತ್ತಿದೆ ಎಂದುಕೊಂಡು ಫ್ರಿಜ್ಜನ್ನು ಓಡಿಸುತ್ತದೆ. ಮೈನಸ್ 127 ಎನ್ನುವುದು ಸೆನ್ಸರ್ ಸಿಗಲಿಲ್ಲ ಎಂದು ಆರ್ಡುಯಿನೊ ಲೈಬ್ರರಿ ಹೇಳುವ ಬಗೆ. ಡೇಟಾ ವೈರ್ ಮತ್ತು ವಿದ್ಯುತ್ತಿನ ನಡುವೆ 4.7 ಕಿಲೊಓಮ್ ಇದೆಯೇ, ಸೆನ್ಸರ್ ವೈರ್ ಮೇನ್ಸ್ ವೈರಿನ ಜೊತೆಗೇ ಟೇಪ್ ಸುತ್ತಿಕೊಂಡು ಹೋಗಿದೆಯೇ ನೋಡಿ.

ಕಂಪ್ರೆಸರ್ ಆಫ್ ಆದಾಗ ಮಾತ್ರ ಸ್ಕ್ರೀನಿನಲ್ಲಿ ಅರ್ಥವಿಲ್ಲದ ಅಕ್ಷರಗಳು ಬಂದರೆ ಅದು ಕಾಂಟ್ಯಾಕ್ಟ್ ಬಿಡುವಾಗಿನ ಕಿಡಿಯ ಕಿತಾಪತಿ. ಬಲ್ಬ್ ಹಾಕಿ ಅದೇ ರಿಲೇಯನ್ನು ಇಪ್ಪತ್ತು ಸಲ ಆನ್ ಆಫ್ ಮಾಡಿ. ಸ್ಕ್ರೀನು ಕೆಡದಿದ್ದರೆ ಕಾರಣ ಮೋಟಾರಿನ ಕಾಯಿಲ್ ಎಂದು ಖಾತ್ರಿ. ಫ್ರಿಜ್ಜಿನ ಸಾಕೆಟ್ಟಿನಲ್ಲಿ ಫೇಸ್-ನ್ಯೂಟ್ರಲ್ ನಡುವೆ 0.1 ಮೈಕ್ರೊಫ್ಯಾರಡ್ ಮತ್ತು 100 ಓಮ್‌ನ ಸ್ನಬ್ಬರ್ (ಕಿಡಿ ತಗ್ಗಿಸುವ ಕೆಪಾಸಿಟರ್-ರೆಸಿಸ್ಟರ್ ಜೋಡಿ) ಹಾಕಿ. ಕೆಪಾಸಿಟರ್ ಮೇನ್ಸ್‌ಗೆ ಅಡ್ಡಲಾಗಿ ಹಾಕಲೆಂದೇ ಮಾಡಿದ ಎಕ್ಸ್2 ದರ್ಜೆಯದ್ದೇ ಆಗಿರಬೇಕು. ಸ್ನಬ್ಬರನ್ನು ಕಾಂಟ್ಯಾಕ್ಟಿಗೆ ಅಡ್ಡಲಾಗಿ ಹಾಕುವವರೂ ಇದ್ದಾರೆ, ಆಗ ರಿಲೇ ತೆರೆದಿದ್ದರೂ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಸುಮಾರು 7 ಮಿಲಿಆಂಪಿಯರ್ ಸೋರುತ್ತದೆ. ಫ್ರಿಜ್ಜಿನೊಳಗಿನ ಎಲ್‌ಇಡಿ ದೀಪ ನಿಯಂತ್ರಕ ಆಫ್ ಇದ್ದಾಗಲೂ ಮಂಕಾಗಿ ಬೆಳಗಲು ಇದೇ ಕಾರಣ.

ಬಿಯರ್ ಇಡುವ ಮೊದಲು

ದುರಸ್ತಿ ಮುಗಿದ ಮೇಲೆ ಡಬ್ಬದಲ್ಲಿ ನೀರು ತುಂಬಿ ಸೆನ್ಸರ್ ಅಂಟಿಸಿ ಒಂದು ದಿನ ಓಡಿಸಿ. ಗುರಿಯನ್ನು ಮೊದಲು ಕೆಳಗೆ, ಆಮೇಲೆ ಮೇಲೆ, ಆಮೇಲೆ ನೀರಿನ ತಾಪಮಾನಕ್ಕೇ ಇಟ್ಟು ಕೂಲಿಂಗ್, ಹೀಟಿಂಗ್, ಐಡಲ್ ಮೂರರಲ್ಲೂ ಎರಡೂ ಸಾಕೆಟ್ಟುಗಳನ್ನು ನೋಡಿ. ಆಮೇಲೆ ಹೀಟರಿನ ಜಾಗಕ್ಕೆ ಬಲ್ಬ್ ಹಾಕಿ, ಹೀಟಿಂಗ್ ನಡೆಯುತ್ತಿರುವಾಗ ಕಂಟ್ರೋಲರಿನ 5 ವೋಲ್ಟ್ ಅಡಾಪ್ಟರನ್ನು ಕಿತ್ತುಬಿಡಿ. ಬಲ್ಬ್ ಆರಬೇಕು. ಆರದಿದ್ದರೆ ಯಾವುದೋ ವೈರ್ ಇನ್ನೂ ಎನ್‌ಸಿಯಲ್ಲಿದೆ, ಇಲ್ಲವೇ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಪ್ಲಗ್ ಕಿತ್ತು, ಕಾಮ್ ಮತ್ತು ಎನ್‌ಒ ನಡುವೆ ಮೀಟರ್ ಹಿಡಿಯಿರಿ.